ಸೋತವರ ಕೀಲಿಕೈ

ಅಕ್ಕಾರು ತೀರಿಕೊಂಡ ಸುದ್ದಿ ಫೋನಿನಲ್ಲಿ ನಮ್ಮ ಗುಂಪಿಗೆ ಬಂದ ದಿನ ಎಲ್ಲರೂ ಒಂದೇ ಮಾತು ಬರೆದರು: ಶಾಂತಮೂರ್ತಿ. ಒಬ್ಬರು ಬರೆದರು, ಅದನ್ನು ನೋಡಿ ಇನ್ನೊಬ್ಬರು ಬರೆದರು, ಆಮೇಲೆ ಕೈಮುಗಿದ ಚಿತ್ರಗಳ ಸಾಲು. ಬನಹಟ್ಟಿಯಲ್ಲಿ ಅವರ ಮಣ್ಣು ಮುಗಿಸಿಕೊಂಡು ಮುಧೋಳದ ಬಸ್ಸಿನಲ್ಲಿ ಕೂತು ನಾನು ಅದನ್ನೆಲ್ಲ ಓದಿದೆ. ಅಳು ಬರಬೇಕಾದಲ್ಲಿ ಸಿಟ್ಟು ಬಂತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಸುಳ್ಳು ಯಾಕೆ ಆಡಬೇಕು?

ಅವರು ಶಾಂತಮೂರ್ತಿ ಆಗಿರಲಿಲ್ಲ. ಜಗಳಗಂಟಿ ಆಗಿದ್ದರು. ನಾನು ಕಂಡ ಜಗಳಗಂಟರಲ್ಲೆಲ್ಲ ಛಲೋ ಜಗಳಗಂಟಿ. ಇದನ್ನು ಬರೆಯುವವರು ಬೇರೆ ಯಾರೂ ಕಾಣುತ್ತಿಲ್ಲ, ಅದಕ್ಕೇ ನಾನು ಕೂತಿದ್ದೇನೆ.

ಜಮಖಂಡಿಯ ಹೈಸ್ಕೂಲಿನಲ್ಲಿ ಅವರು ನನಗೆ ಗಣಿತ ಕಲಿಸಿದವರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕಾರು ಎನ್ನುವುದು ರೂಢಿ. ನಿವೃತ್ತರಾದ ಮೇಲೂ, ಅವರ ಹತ್ತಿರ ಒಂದಕ್ಷರ ಕಲಿಯದವರು ಸಹ ಹಾಗೇ ಕರೆಯುತ್ತಿದ್ದರು. ಮನೆ ಬನಹಟ್ಟಿಯಲ್ಲಿ. ಗಂಡನ ಮನೆತನದ್ದು ನೇಕಾರಿಕೆ. ಮನೆಗೆ ಅಂಟಿಕೊಂಡೇ ಪಾವರ್‌ಲೂಮ್ ಶೆಡ್ಡು. ಮಗ್ಗಗಳು ಓಡುತ್ತಿರುವಾಗ ಅಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಒದರಬೇಕು, ಇಲ್ಲದಿದ್ದರೆ ಏನೂ ಕೇಳಿಸದು. ಹಾಗಾಗಿ ಅಕ್ಕಾರ ದನಿ ಎಲ್ಲಿ ಹೋದರೂ ಗೋಡೆ ದಾಟುವ ದನಿ. ಮೈ ಮಾತ್ರ ಕಡ್ಡಿ. ಆ ದನಿ ಎಲ್ಲಿಂದ ಬಂತು ಎಂದು ಹೊಸಬರು ಅವರ ಹಿಂದೆ ನಿಂತವರನ್ನು ಹುಡುಕುತ್ತಿದ್ದರು.

ತರಗತಿಯಲ್ಲಿ ಅವರದೊಂದು ಪದ್ಧತಿ ಇತ್ತು. ಲೆಕ್ಕ ತಪ್ಪಿದವನನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಮುಂದಿನ ಲೆಕ್ಕವನ್ನು ಅವನೇ ಎದ್ದು ಬಂದು ಹಲಗೆಯ ಮೇಲೆ ಮಾಡಬೇಕು. ಸರಿ ಮಾಡಿದವರು ಕೂತು ನೋಡಬೇಕು. ನಾನು ಸರಿ ಮಾಡುವವರ ಪೈಕಿ, ವರ್ಷವಿಡೀ ಕೂತೇ ಇದ್ದೆ. ಒಂದು ದಿನ ತಡೆಯಲಾರದೆ ಕೇಳಿದೆ, "ಅಕ್ಕಾರ, ಸರಿ ಮಾಡಿದಾವ್ರಿಗೆ ಯಾಕ್ರೀ ಚಾನ್ಸ ಇಲ್ಲಾ?"

"ನಿನಗ ಬರತೈತೆಲ್ಲೋ ತಮ್ಮಾ. ಮತ್ತ ಚಾನ್ಸ ಎದಕ್ಕ ಬೇಕು?" ಎಂದರು.

ಅನ್ಯಾಯ ಎನಿಸಿತ್ತು. ಈಗಲೂ ಒಂದಿಷ್ಟು ಹಾಗೇ ಎನಿಸುತ್ತದೆ.

ಶಾಲೆಗೆ ಕಂಪ್ಯೂಟರುಗಳು ಬಂದಾಗ ಆ ಕೋಣೆಯ ಬೀಗ ತೆಗೆಸಿ ಒಳಗೆ ಹೋಗಿ ಕೂತವರು ಅವರೊಬ್ಬರೇ. ನಿವೃತ್ತಿಯ ನಂತರ ಅಲ್ಲಿ ಕಲಿತದ್ದನ್ನೆಲ್ಲ ಶೆಡ್ಡಿಗೆ ತಂದರು. ಸೀರೆಯ ಸೆರಗಿನಲ್ಲಿ ಹೂವೋ ಹಂಸವೋ ಮೂಡಬೇಕಾದರೆ ಮೊದಲು ಚೌಕಳಿ ಕಾಗದದ ಮೇಲೆ ನಕ್ಷೆ ಬರೆಯಬೇಕು. ಅದರಂತೆ ರಟ್ಟುಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಬೇಕು. ನಕ್ಷೆಯನ್ನು ಕಂಪ್ಯೂಟರಿನಲ್ಲೇ ಬರೆದರೆ ಎಲ್ಲೆಲ್ಲಿ ತೂತು ಬೀಳಬೇಕೆಂದು ತಾನೇ ಹೇಳುವ ಒಂದು ತಂತ್ರಾಂಶವನ್ನು ಅಕ್ಕಾರು ಮಾಡಿದರು. "ಸೆರಗು" ಎಂದು ಹೆಸರಿಟ್ಟು ಎಲ್ಲರಿಗೂ ತೆರೆದು ಬಿಟ್ಟರು. ತೆರೆದು ಬಿಡುವುದೆಂದರೆ, ಅದರ ಒಳಗಿನ ಬರಹವೆಲ್ಲ ಬಯಲಲ್ಲೇ ಇರುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಎಲ್ಲರಿಗೂ ವಾಪಸು ಕೊಡಬಹುದು. ಮಾರಾಟಕ್ಕಿಟ್ಟರೆ ಚೆನ್ನಾಗಿತ್ತಲ್ಲ ಎಂದು ಯಾರೋ ಕೇಳಿದ್ದಕ್ಕೆ ಅವರು, "ನಮ್ಮಜ್ಜಿ ಸೆರಗಿನ್ಯಾಗ ಹಾಕಿದ ಹೂವಿಗಿ ಮಾಲಕ ಯಾರು? ಹುಡಕಿ ತಗೊಂಡ ಬಾ, ಮಾರೂಣಂತ," ಎಂದಿದ್ದರು.

ಮುಧೋಳದಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿರುವ ನಾನು ಆ ಬರಹದ ಬಹುಪಾಲನ್ನು ತಿದ್ದಿ ಬೆಳೆಸಿದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ನಿಧಾನಕ್ಕೆ ರಬಕವಿ, ಜಮಖಂಡಿ, ಬೀಳಗಿಯಿಂದ ಜನ ಸೇರಿದರು. ಆಮೇಲೆ ನಾವು ಹೆಸರೂ ಕೇಳದ ಊರುಗಳ ನೇಕಾರರು ಸೇರಿದರು. ಯಾವ ತಿದ್ದುಪಡಿ ಸೇರಬೇಕು, ಯಾವುದು ಬೇಡ ಎಂಬ ಚರ್ಚೆ ಎಲ್ಲರಿಗೂ ಕಾಣುವ ಒಂದು ಪುಟದಲ್ಲಿ ನಡೆಯುತ್ತದೆ. ಅಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಹಾಗಾಗಿ ಎಲ್ಲರ ನಾಲಗೆಯೂ ಒಂದು ಗೇಣು ಉದ್ದ.

ಅಕ್ಕಾರಿಗೆ ಆ ಪುಟ ಅಂದರೆ ಪ್ರಾಣ. ಯಾರೂ ಎದುರಾಡದ ದಿನ ಅವರಿಗೆ ಅನುಮಾನ ಬರುತ್ತಿತ್ತು. "ಏನಲೇ, ಎಲ್ಲಾರೂ ಹೂಂ ಅನ್ನಾಕತ್ತೀರಿ, ಓದೀರೋ ಇಲ್ಲೋ?" ಎಂದು ಬರೆಯುತ್ತಿದ್ದರು. ವಾರಕ್ಕೊಮ್ಮೆ ವಿಡಿಯೋ ಸಭೆ. ಅದರಲ್ಲಿ ಯಾರಾದರೂ ದೊಡ್ಡ ದೊಡ್ಡ ಶಬ್ದ ಬಳಸಿ ಭಾಷಣ ಶುರುಮಾಡಿದರೆ ಅಕ್ಕಾರು ಮೈಕಿನ ಹತ್ತಿರ ಖಡಕ್ ರೊಟ್ಟಿ ಮುರಿದು ತಿನ್ನುತ್ತಿದ್ದರು. ಭಾಷಣ ಮುಗಿಯುವವರೆಗೆ ಕಟಕಟ ಸದ್ದು. ಶಾಂತಮೂರ್ತಿಯಂತೆ!

ಈಗ ಹಂಸದ ಜಗಳಕ್ಕೆ ಬರುತ್ತೇನೆ. ಅವರು ಎಂಥವರೆಂದು ಅದರಲ್ಲೇ ಇದೆ.

ನಮ್ಮ ಕಡೆ ಎಷ್ಟೋ ಮಗ್ಗಗಳಲ್ಲಿ ಸೀರೆಯ ಮುಖ ಕೆಳಗಾಗಿ, ಬೆನ್ನು ಮೇಲಾಗಿ ನೇಯುತ್ತಾರೆ. ನೇಯುವವನಿಗೆ ಕಾಣುವುದು ಬೆನ್ನು, ಉಡುವವಳಿಗೆ ಕಾಣುವುದು ಮುಖ. ಬೆನ್ನಿನಲ್ಲಿ ಎಡಕ್ಕೆ ಹೊರಟ ಹಂಸ ಮುಖದಲ್ಲಿ ಬಲಕ್ಕೆ ಹೊರಟಿರುತ್ತದೆ. ಹಾಗಾದರೆ "ಸೆರಗು" ತೆರೆದ ಕೂಡಲೇ ಪರದೆಯ ಮೇಲೆ ಯಾವುದು ಕಾಣಬೇಕು? ಮುಖ ಕಾಣಬೇಕು ಎಂದು ನಾನು. ಬೆನ್ನು ಕಾಣಬೇಕು ಎಂದು ರಬಕವಿಯ ಮಹಾಂತೇಶ. ಮಹಾಂತೇಶ ಸ್ವತಃ ನೇಕಾರ, ನಮ್ಮ ಬರಹವನ್ನೂ ಚೆನ್ನಾಗಿ ಬಲ್ಲವನು, ಬಾಯಿ ನನಗಿಂತ ಜೋರು. ಇದು ತೀರ್ಮಾನವಾಗುವ ಮೊದಲೇ ಒಬ್ಬ ವ್ಯಾಪಾರಿಯ ಸೀರೆಗಳನ್ನು ಇಬ್ಬರು ನೇಕಾರರು ಹಂಚಿಕೊಂಡು ನೇಯ್ದರು. ಒಬ್ಬ ನನ್ನ ಪ್ರಕಾರ, ಇನ್ನೊಬ್ಬ ಮಹಾಂತೇಶನ ಪ್ರಕಾರ. ಸೀರೆಗಳನ್ನು ಬಿಚ್ಚಿ ಹಾಸಿದರೆ ಅರ್ಧ ಸೀರೆಗಳ ಹಂಸಗಳು ಜಮಖಂಡಿಯ ಕಡೆ ಹೊರಟಿದ್ದವು, ಇನ್ನರ್ಧದವು ಮಹಾಲಿಂಗಪುರದ ಕಡೆ.

ಪುಟ ಹೊತ್ತಿಕೊಂಡಿತು. ಮುಧೋಳದ ಅಂಗಡಿಯಲ್ಲಿ ಕುರ್ಚಿ ಬಿಸಿ ಮಾಡುವವರಿಗೆ ಮಗ್ಗದ ಹಿಂದು ಮುಂದು ಗೊತ್ತಿಲ್ಲ ಎಂದು ಮಹಾಂತೇಶ ಬರೆದ. ನಾನೂ ಬಿಡಲಿಲ್ಲ. ಅವನ ತಲೆಯ ರಟ್ಟಿಗೆ ತೂತು ಎಲ್ಲೆಲ್ಲಿ ಬಿದ್ದಿವೆ ಎಂದು ವಿವರವಾಗಿ ಬರೆದೆ. ಹಂಸದ ಮಾತು ಬಿಟ್ಟು ಜನ ಎರಡು ಪಂಗಡವಾದರು. ಮಹಾಂತೇಶ ಇಡೀ ಬರಹವನ್ನು ನಕಲು ಮಾಡಿಕೊಂಡು ಬೇರೆಯೇ "ಸೆರಗು" ಮಾಡುತ್ತೇನೆ ಎಂದ. ನನ್ನ ಕಡೆಯವರು, ಅವನನ್ನು ಮೊದಲು ಹೊರಗೆ ಹಾಕಿರಿ ಎಂದರು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಪಾಠ ನಡೆದಿತ್ತು. ಅಕ್ಕಾರ ಫೋನು ಬಂತು. ಎತ್ತಿದರೆ ಮಗ್ಗಗಳ ಕಟಕಟ. ಬೇಕೆಂದೇ ಶೆಡ್ಡಿನ ಒಳಗೆ ಹೋಗಿ ನಿಂತಿದ್ದರು.

"ನಿನ್ನೆ ಮಹಾಂತೇಶಗ ಏನ ಬರದೀಲೇ? ಓದಿ ಹೇಳು!"

ನಾನು ಮೆಲ್ಲಗೆ ಓದಿದೆ.

"ಕೇಳಸವಲ್ದು! ಜೋರಾಗಿ!"

ಕಲಿಯಲು ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಒದರಿದೆ.

"ಇನ್ನೂ ಜೋರಾಗಿ! ಇಲ್ಲೆ ನೇಯಾವ್ರಿಗೂ ಕೇಳಬೇಕು!"

ತಲೆಯ ರಟ್ಟು, ತೂತು ಎಂದೆಲ್ಲ ಒಂದೇ ಉಸಿರಿಗೆ ಒದರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಒದರುತ್ತ ಒದರುತ್ತ ವಾಕ್ಯ ಸವೆಯಿತು. ಕೊನೆಗೆ ಉಳಿದದ್ದು ಇಷ್ಟೇ: "ಹಳೇ ನಕ್ಷೆ ಎಲ್ಲಾ ಮುಖದ ಕಡಿಯಿಂದ ಬರದಾವ್ರೀ! ಈಗ ಬದಲ ಮಾಡಿದ್ರ ಎಲ್ಲಾ ತಿರಗಾಮುರಗಾ ಆಗ್ತಾವ!"

"ಹಾಂ! ಇದು ಕೇಳಿಸ್ತು ನೋಡು!" ಎಂದು ಫೋನಿಟ್ಟರು.

ಮಹಾಂತೇಶನಿಗೂ ಅದೇ ಸೇವೆ ಆಗಿತ್ತಂತೆ. ಅವನು ರಬಕವಿಯ ಚಹಾದಂಗಡಿಯಲ್ಲಿ ನಿಂತು ಕುರ್ಚಿ ಬಿಸಿ ಮಾಡುವವರ ಬಗ್ಗೆ ಒದರಿದನಂತೆ. ಗುಂಪಿನಲ್ಲಿ ಬೈಗುಳ ಬರೆದ ಪ್ರತಿಯೊಬ್ಬರೂ ಒಮ್ಮೆಯಾದರೂ ಶೆಡ್ಡಿನ ಫೋನಿಗೆ ಸಿಕ್ಕವರೇ. ಬೈಗುಳ ಮಗ್ಗದ ಸದ್ದಿಗೆ ಉಳಿಯುತ್ತಿರಲಿಲ್ಲ, ವಾದ ಉಳಿಯುತ್ತಿತ್ತು. ಅವರಿಗೆ ಬೇಕಾದದ್ದು ಅದು. ಬಾಯಿ ಮುಚ್ಚಿಸುವುದು ಅಲ್ಲ, ಇದನ್ನು ಕೈಮುಗಿದ ಚಿತ್ರ ಕಳಿಸಿದವರು ಸರಿಯಾಗಿ ಕೇಳಿಸಿಕೊಳ್ಳಲಿ.

ಎರಡು ದಿನ ಬಿಟ್ಟು ಬಸ್ಸು ಹತ್ತಿ ಮುಧೋಳಕ್ಕೇ ಬಂದರು. ಕುರ್ಚಿಯ ಮೇಲೆ ಕೂತು ನೀರು ಕುಡಿದು, ಸುತ್ತುಬಳಸಿಲ್ಲದೆ ಕೇಳಿದರು, "ಈ ಜಗಳದಿಂದ ಎಷ್ಟ ಮಗ್ಗ ನಿಂತಾವು?"

"ಒಂದೂ ಇಲ್ರಿ."

"ಹಂಗಾರ ಅವಸರಾ ಎದಕ್ಕ? ಜಗಳಾ ನಡೀಲಿ. ಅವನ್ನ ಹೊರಗ ಹಾಕೂದು ಯಾಕ?"

"ಅಂವಾ ಬಾಯಿಗಿ ಬಂದಂಗ ಬೈದಾನ್ರಿ."

"ನೀ ಏನ ಆರತಿ ಎತ್ತಿದ್ದೇನು?" ಎಂದು ಕನ್ನಡಕದ ಮೇಲಿನಿಂದ ನೋಡಿದರು. ಆಮೇಲೆ ಹೇಳಿದರು, "ತಮ್ಮಾ, ಈ ವಿಷಯದಾಗ ನೀ ಹೇಳೂದ ಖರೆ ಐತಿ. ನಿನ್ನ ಹಂಗ ಮಾಡೂಣು. ಖರೆ ಇದ್ದೀ ಅಂತ ಇನ್ನೊಬ್ಬನ್ನ ಮನಿಯಿಂದ ಹೊರಗ ಹಾಕೂ ಅಧಿಕಾರ ಬರೂದಿಲ್ಲ."

ಅವತ್ತು ಸಂಜೆ ಪುಟದಲ್ಲಿ ತೀರ್ಮಾನ ಬರೆದರು. ಪರದೆಯ ಮೇಲೆ ಮುಖವೇ ಕಾಣತಕ್ಕದ್ದು. ನಾನು ಗೆದ್ದಿದ್ದೆ. ಗೆದ್ದ ಖುಷಿಯಲ್ಲಿ ಕೆಳಗಿನ ಸಾಲಿಗೆ ಬಂದೆ. ಅಲ್ಲಿ ಇತ್ತು: ಈ ಆವೃತ್ತಿಯ ಕೀಲಿಕೈ ಮಹಾಂತೇಶನಿಗೆ.

ತಿದ್ದುಪಡಿಗಳನ್ನೆಲ್ಲ ಸೇರಿಸಿ ಹೊಸ ಆವೃತ್ತಿಯನ್ನು ಜನರಿಗೆ ಬಿಡುವ ಅಧಿಕಾರಕ್ಕೆ ನಾವು ಕೀಲಿಕೈ ಎನ್ನುತ್ತೇವೆ. ಅದು ಇದ್ದವನು ಮನಸ್ಸು ಮಾಡಿದರೆ ಒಂದು ಸಾಲು ಬದಲಿಸಿ ಎಲ್ಲರ ಹಂಸಗಳನ್ನೂ ತನ್ನ ಊರಿನ ಕಡೆ ತಿರುಗಿಸಬಹುದು. ಅಂಥದ್ದನ್ನು, ಬೇರೆಯಾಗಿ ಹೋಗುತ್ತೇನೆ ಎಂದು ಕುಣಿಯುತ್ತಿದ್ದವನ ಕೈಗೆ! ನಾನು ಫೋನು ಮಾಡಿದೆ. ಈ ಸಲ ಅವರು ಅಂಗಳದಲ್ಲಿ ನಿಂತಿದ್ದರು, ಎಲ್ಲ ಚೆನ್ನಾಗಿ ಕೇಳಿಸುತ್ತಿತ್ತು.

"ಅಕ್ಕಾರ, ಗೆದ್ದಾಂವ ನಾನು!"

"ಹೂಂ. ಗೆದ್ದೆಲ್ಲಾ, ಸಾಕ."

"ಅಂವಾ ಏನರ ಮಾಡಿದ್ರ?"

"ನೀ ನೋಡಕೋತ ಕುಂದರತಿ. ಅಂವಾ ನೀ ನೋಡಾಕತ್ತೀ ಅಂತ ಸರೀ ಮಾಡತಾನು. ಗೆದ್ದಾವನ ಕೈಯಾಗ ಕೀಲಿಕೈ ಕೊಟ್ರ ಇಬ್ರೂ ಮಲಗತೀರಿ."

ಹಲಗೆಯ ಮುಂದೆ ಮತ್ತೆ ನನ್ನನ್ನು ಕೂರಿಸಿದ್ದರು. ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಮಹಾಂತೇಶ ಹಾಕಿದ ಒಂದೊಂದು ಸಾಲನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವನು ಒಂದು ಚುಕ್ಕೆಯನ್ನೂ ಅತ್ತಿತ್ತ ಮಾಡಿರಲಿಲ್ಲ. ನಾನು ಬಿಟ್ಟಿದ್ದ ಎರಡು ತಪ್ಪುಗಳನ್ನೂ ಸರಿಪಡಿಸಿದ್ದ. ಹಂಸಗಳೆಲ್ಲ ನಾನು ಹೇಳಿದ ದಿಕ್ಕಿಗೇ ಹೊರಟಿದ್ದವು. ಆದರೆ ತಂತ್ರಾಂಶ ತೆರೆದ ಕೂಡಲೇ ಬರುವ "ಈ ಆವೃತ್ತಿಯ ಬಗ್ಗೆ" ಎಂಬ ಪುಟದ ತಲೆಯ ಮೇಲೆ ಒಂದು ಸಾಲು ಹಾಕಿ ತನ್ನ ಹೆಸರು ಬರೆದಿದ್ದ: "ಈ ಆವೃತ್ತಿ ಬಿಟ್ಟಾಂವ ನಾನು. ಹಂಸದ ವಿಷಯ ನನಗ ಒಪ್ಪಿಗಿ ಇಲ್ಲ. ಕೆಲಸ ಮಾತ್ರ ಸರಿ ಮಾಡೇನಿ."

ನನಗೆ ಉರಿಯಿತು. ಅಕ್ಕಾರು ಅದನ್ನು ನೋಡಿ ಶೆಡ್ಡಿನವರಿಗೆಲ್ಲ ಓದಿ ಹೇಳಿದರಂತೆ. ಅಂದಿನಿಂದ ಅದೇ ನಮ್ಮ ಕಟ್ಟಳೆಯಾಯಿತು. ದೊಡ್ಡ ವಾದದಲ್ಲಿ ಯಾರು ಸೋಲುತ್ತಾರೋ ಮುಂದಿನ ಆವೃತ್ತಿಯ ಕೀಲಿಕೈ ಅವರಿಗೆ. ಅಕ್ಕಾರೂ ಸೋತಿದ್ದುಂಟು, ನನ್ನ ಹತ್ತಿರವೇ. ಸೋತ ದಿನ ನನ್ನ ಜೊತೆ ಮಾತು ಬಿಟ್ಟು, ಕೆಲಸ ಪೂರ್ತಿ ಮಾಡಿ, ಮರುದಿನ ಬೆಳಿಗ್ಗೆ "ನೀ ಗೆದ್ದದ್ದು ಇನ್ನೂ ನನ್ನ ಮನಸ್ಸಿಗಿ ಪಟಾಯ್ಸಿಲ್ಲ" ಎಂದು ಸಂದೇಶ ಕಳಿಸಿದ್ದರು.

ಆಮೇಲೆ ಎಷ್ಟೋ ಆವೃತ್ತಿಗಳು ಬಂದವು. ಕೀಲಿಕೈ ಬೇರೆಯವರಿಗೆ ಹೋದರೂ ಮಹಾಂತೇಶನ ಆ ಸಾಲು ಅವನ ಹೆಸರಿನೊಂದಿಗೆ ಹಾಗೇ ಉಳಿಯಿತು. ಹಳೆಯದಾಯಿತು, ತೆಗೆಯೋಣ ಎಂದು ಅಕ್ಕಾರನ್ನು ಒಮ್ಮೆ ಕೇಳಿದ್ದೆ.

"ಅಂವಾ ಒಪ್ಪಿದಾನೇನು?"

"ಇಲ್ರಿ."

"ಮತ್ತ?" ಎಂದರು. ಅಷ್ಟೇ.

ಮಹಾಂತೇಶ ಬೇರೆಯಾಗಿ ಹೋಗಲಿಲ್ಲ. ನಾವಿಬ್ಬರೂ ಗೆಳೆಯರೂ ಆಗಲಿಲ್ಲ. ಇಂದಿಗೂ ಅವನು ಎದುರು ಸಿಕ್ಕರೆ ನಾನು ಚಹಾಕ್ಕೆ ಕರೆಯುವುದಿಲ್ಲ, ಅವನೂ ಕರೆಯುವುದಿಲ್ಲ. ಆದರೆ "ಸೆರಗಿನ" ಒಂದು ಮೂಲೆ ಕೆಟ್ಟರೆ ಮೊದಲು ಫೋನು ಹೋಗುವುದು ಅವನಿಗೆ.

ಅಕ್ಕಾರು ಹೋದದ್ದು ಹೋದ ಶ್ರಾವಣದಲ್ಲಿ, ನಾಲ್ಕು ದಿನದ ಜ್ವರಕ್ಕೆ. ಅವತ್ತು ಶೆಡ್ಡು ನಿಲ್ಲಿಸಿದ್ದರು. ಆ ಮನೆಯ ಮುಂದೆ ಸದ್ದಿಲ್ಲದೆ ನಿಂತದ್ದು ನಾನು ಅದೇ ಮೊದಲು. ಎಲ್ಲರೂ ಪಿಸುಮಾತಿನಲ್ಲಿ ಮಾತನಾಡುತ್ತಿದ್ದರು, ಅದು ಆ ಮನೆಗೆ ಹೊಂದುತ್ತಲೇ ಇರಲಿಲ್ಲ. ಮಹಾಂತೇಶ ಆಚೆ ಗೋಡೆಗೆ ಒರಗಿ ನಿಂತಿದ್ದ. ನಾವು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದೆವು. ನನಗೆ ಅಕ್ಕಾರು ಬೇಕಾಗಿದ್ದರು. ಇನ್ನೂ ಬೇಕಾಗಿದ್ದಾರೆ.

ತಿಂಗಳು ತುಂಬುವ ಮೊದಲೇ ಗುಂಪಿನಲ್ಲಿ ಒಂದು ಪ್ರಸ್ತಾಪ ಬಂತು. ಇಟ್ಟವರು ಈಚೆಗೆ ಸೇರಿದ ಬೀಳಗಿಯ ಒಬ್ಬ ಉಪನ್ಯಾಸಕರು, ಬಹಳ ಮೃದು ಮನುಷ್ಯ. ಇನ್ನು ಮುಂದೆ ಯಾವ ಚರ್ಚೆ ಕಾವೇರಿದರೂ ಅದನ್ನು ಕೂಡಲೇ ಮುಚ್ಚಬೇಕು. "ಈ ಆವೃತ್ತಿಯ ಬಗ್ಗೆ" ಪುಟದಲ್ಲಿರುವ ಆ ಅಸಮಾಧಾನದ ಸಾಲನ್ನು ತೆಗೆಯಬೇಕು. ಶಾಂತಮೂರ್ತಿಯಾಗಿದ್ದ ಅಕ್ಕಾರ ನೆನಪಿಗೆ ಈ ನಿಯಮಕ್ಕೆ ಅವರ ಹೆಸರನ್ನೇ ಇಡಬೇಕು.

ಅವರು ಕೊಟ್ಟ ಕಾರಣ ಸುಳ್ಳಲ್ಲ. ಬಾಡಗಂಡಿಯ ಒಬ್ಬಳು ಹುಡುಗಿ ಮೊದಲ ಸಲ ಒಂದು ತಿದ್ದುಪಡಿ ಕಳಿಸಿ, ನಮ್ಮವನೊಬ್ಬ ಬೈದದ್ದನ್ನು ಓದಿ ಹೋಗಿಬಿಟ್ಟಿದ್ದಳು. ಅದು ತಪ್ಪೇ. ಆದರೆ ಅಕ್ಕಾರು ಇದ್ದಿದ್ದರೆ ಬೈದವನು ಶೆಡ್ಡಿನ ಫೋನಿಗೆ ಉತ್ತರ ಕೊಡಬೇಕಾಗುತ್ತಿತ್ತು. ಆ ಹುಡುಗಿಯ ಮಾತಿಗೆ ಬೀಗ ಬೀಳುತ್ತಿರಲಿಲ್ಲ. ಬೈದವನನ್ನು ಹಿಡಿಯುವ ಧೈರ್ಯವಿಲ್ಲದವರು ಎಲ್ಲರ ಬಾಯಿಗೂ ಬಟ್ಟೆ ತುರುಕುತ್ತಾರೆ. ನಾನು ಇದನ್ನೇ ಬರೆದೆ. ನನ್ನ ವಿರುದ್ಧವೇ ಬರೆದ ಸಾಲನ್ನು ಉಳಿಸಿರಿ ಎಂದು ನಾನೇ ಹೊಡೆದಾಡಿದೆ. ಮಹಾಂತೇಶನೂ ಬರೆದ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಕಡೆ ನಿಂತದ್ದು ಅದೇ ಮೊದಲು.

ಮತ ಹಾಕಿದರು. ಸೋತೆವು.

ಸ್ವಲ್ಪ ಹೊತ್ತಿಗೆ ಮಹಾಂತೇಶನ ಫೋನು ಬಂತು. ಎತ್ತಿದರೆ ಕಟಕಟ. ಅವನೂ ಮಗ್ಗಗಳ ನಡುವೆ ನಿಂತಿದ್ದ.

"ಸೋತಿವ್ರೀ!"

"ಗೊತ್ತೈತ್ರೀ!" ನಾನೂ ಒದರಿದೆ.

"ಕೀಲಿಕೈ ಈ ಸಲ ನೀವ ತಗೋರಿ! ನನ್ನ ಸಾಲು ನೀವ ಅಳಸ್ರಿ! ಬ್ಯಾರೇದವ್ರು ಅಳಸೂದು ಬ್ಯಾಡ!"

ಅಕ್ಕಾರ ಹೆಸರಿನ ನಿಯಮ ತಂದವರು ಅಕ್ಕಾರ ಕಟ್ಟಳೆಯನ್ನು ಮುರಿಯುವಂತಿರಲಿಲ್ಲ. ಕೀಲಿಕೈ ನನಗೆ ಬಂತು. ಗೆದ್ದವರು ಹೇಳಿದ್ದನ್ನೆಲ್ಲ ಹೇಳಿದಂತೆ ಮಾಡಿದೆ. ನಿಯಮ ಸೇರಿಸಿದೆ, ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ. ಮಹಾಂತೇಶನ ಸಾಲನ್ನು ಅಳಿಸಿದೆ. ಅಳಿಸುವಾಗ ಕಣ್ಣು ಮಂಜಾಯಿತು, ಅದನ್ನು ಮುಚ್ಚಿಡುವುದಿಲ್ಲ. ಖಾಲಿಯಾದ ಆ ಜಾಗದಲ್ಲಿ ನನ್ನ ಹೆಸರು ಹಾಕಿ ಬರೆದೆ: "ಈ ಆವೃತ್ತಿ ಬಿಟ್ಟಾಂವ ನಾನು. ಈ ಹೊಸ ನಿಯಮ ನನಗ ಒಪ್ಪಿಗಿ ಇಲ್ಲ. ಕೆಲಸ ಮಾತ್ರ ಸರಿ ಮಾಡೇನಿ."

ಬೀಳಗಿಯ ಉಪನ್ಯಾಸಕರು ಮರುದಿನವೇ ಫೋನು ಮಾಡಿದರು.

"ಏನ್ರೀ ಸರ ಇದು? ಆ ಸಾಲು ತೆಗೀಬೇಕು ಅಂತ ಠರಾವ ಆಗಿತ್ತಲ್ರೀ."

"ತೆಗದೇನ್ರಿ. ಹೊಸಾದು ಬರೀಬಾರದು ಅಂತ ಠರಾವಿನ್ಯಾಗ ಎಲ್ಲೂ ಇಲ್ರಿ."

"ಹಂಗಾರ ಇದನ್ನೂ ತೆಗೀಬೇಕಾಗತೈತಿ."

"ತೆಗೀರಿ. ಅದಕ್ಕ ಚರ್ಚಾ ಇಡಬೇಕಾಗತೈತಿ. ಚರ್ಚಾದಾಗ ನಾ ಮತ್ತ ಸೋಲತೇನಿ. ಸೋತ ಮ್ಯಾಲ ಕೀಲಿಕೈ ಯಾರಿಗಿ ಬರತೈತಿ, ನೀವ ಹೇಳ್ರಿ."

ಸಿಟ್ಟೋ ನಗೆಯೋ ತಿಳಿಯದ ದನಿಯಲ್ಲಿ ಅವರು, "ಇಂಥಾದೆಲ್ಲಾ ನಿಮಗ ಯಾರ ಕಲಸಿದ್ರೀ?" ಎಂದು ಕೇಳಿದರು.

"ನೀವೆಲ್ಲಾ ಶಾಂತಮೂರ್ತಿ ಅಂತ ಬರದ್ರೆಲ್ಲಾ," ಎಂದೆ, "ಅವರ ನೋಡ್ರಿ."